ಎದೆಯೊಳಗೆ ಉಳಿದ ಧೂಳು

ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ, ಕೊಲಂಬಿಯಾ ನದಿಯ ದಂಡೆಯಲ್ಲಿ ಹ್ಯಾನ್‌ಫರ್ಡ್ ಎಂಬ ಜಾಗವಿದೆ. ನಾಗಸಾಕಿಯ ಮೇಲೆ ಹಾಕಿದ ಬಾಂಬಿನ ಪ್ಲುಟೋನಿಯಂ ತಯಾರಾದದ್ದು ಅಲ್ಲೇ. 1950ರ ದಶಕ ಮುಗಿಯುವ ಹೊತ್ತಿಗೆ ಅಲ್ಲಿನ ಪ್ರಯೋಗಾಲಯದಲ್ಲಿ ಬೀಗಲ್ ನಾಯಿಗಳ ಮೂತಿಗೆ ಮುಖವಾಡ ಕಟ್ಟಿ, ಪ್ಲುಟೋನಿಯಂ ಆಕ್ಸೈಡಿನ ನಯವಾದ ಧೂಳು ಬೆರೆತ ಗಾಳಿಯನ್ನು ಉಸಿರಾಡಿಸತೊಡಗಿದ್ದರು. ಅಷ್ಟು ಹೊತ್ತೇನೂ ಹಿಡಿಯುತ್ತಿರಲಿಲ್ಲ. ಆಮೇಲೆ ಮುಖವಾಡ ಬಿಚ್ಚಿ ನಾಯಿಯನ್ನು ಅದರ ಗೂಡಿಗೆ ಬಿಡುತ್ತಿದ್ದರು. ಅದು ತಿನ್ನುತ್ತಿತ್ತು, ಓಡಾಡುತ್ತಿತ್ತು, ಆರೈಕೆಗೆ ಬಂದವರನ್ನು ಕಂಡರೆ ಬಾಲ ಅಲ್ಲಾಡಿಸುತ್ತಿತ್ತು. ಮತ್ತೆ ಯಾವತ್ತೂ ಅದಕ್ಕೆ ಪ್ಲುಟೋನಿಯಂ ಕೊಡಲಿಲ್ಲ. ಸಾಯುವವರೆಗೂ ಅದನ್ನು ನೋಡಿಕೊಂಡು, ತೂಕ, ರಕ್ತ, ಉಸಿರಿನ ವೇಗ ಎಲ್ಲವನ್ನೂ ಬರೆದಿಡುವುದಷ್ಟೇ ಆಮೇಲಿನ ಕೆಲಸ. ಕೆಲವು ನಾಯಿಗಳ ವಿಷಯದಲ್ಲಿ ಆ ಕೆಲಸ ಹತ್ತು ವರ್ಷಕ್ಕೂ ಮೀರಿ ನಡೆಯಿತು.

ಒಂದೇ ಸಲ, ಸ್ವಲ್ಪ ಹೊತ್ತು ಎಳೆದುಕೊಂಡ ಉಸಿರು ಎಷ್ಟೋ ವರ್ಷಗಳ ಮೇಲೆ ಯಾಕೆ ಕೊಲ್ಲುತ್ತದೆ? ಅದೇ ಪ್ಲುಟೋನಿಯಂ ಒಂದು ನಾಯಿಯ ಶ್ವಾಸಕೋಶದಲ್ಲಿ, ಇನ್ನೊಂದರ ಮೂಳೆಯಲ್ಲಿ ಕ್ಯಾನ್ಸರ್ ತರುವುದು ಹೇಗೆ? ವಿಕಿರಣದ ಬಗ್ಗೆ ನಾವು ಸಾಮಾನ್ಯವಾಗಿ ಕೇಳುವ ಪ್ರಶ್ನೆ "ಎಷ್ಟು?" ಎಂಬುದೊಂದೇ. ಈ ನಾಯಿಗಳ ಕತೆ ಓದುತ್ತಾ ಹೋದ ಹಾಗೆ "ಎಲ್ಲಿ ಕೂತಿದೆ? ಎಷ್ಟು ಕಾಲ ಕೂತಿರುತ್ತದೆ?" ಎಂಬ ಎರಡು ಪ್ರಶ್ನೆಗಳು ಅದಕ್ಕಿಂತ ದೊಡ್ಡವು ಅನ್ನಿಸಿತು.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಎಕ್ಸ್‌ರೇ ತೆಗೆಸಿಕೊಂಡಾಗ ವಿಕಿರಣ ನಮ್ಮ ಮೈಯನ್ನು ಹಾದು ಹೋಗುತ್ತದೆ. ಯಂತ್ರ ಆರಿಸಿದರೆ ಮುಗಿಯಿತು, ಒಳಗೆ ಏನೂ ಉಳಿಯುವುದಿಲ್ಲ. ವಿಕಿರಣಶೀಲ ಕಣವನ್ನು ಉಸಿರಾಡುವುದು ಬೇರೆಯದೇ ವಿಷಯ. ಆಗ ವಿಕಿರಣ ಹೊರಡಿಸುವ ವಸ್ತುವೇ ಒಳಗೆ ಬಂದು ಕೂರುತ್ತದೆ. ಮೊದಲಿನದು ಒಲೆಯ ಮುಂದೆ ಕೂತು ಚಳಿ ಕಾಯಿಸಿಕೊಂಡಂತೆ, ಎರಡನೆಯದು ಮಡಿಲಲ್ಲಿ ಕೆಂಡ ಕಟ್ಟಿಕೊಂಡಂತೆ.

ಅದರಲ್ಲೂ ಪ್ಲುಟೋನಿಯಂ ಹೊರಡಿಸುವುದು ಆಲ್ಫಾ ಕಣಗಳನ್ನು. ಆಲ್ಫಾ ಕಣ ಗಾಳಿಯಲ್ಲಿ ನಾಲ್ಕು ಸೆಂಟಿಮೀಟರ್ ಕೂಡ ಸಾಗುವುದಿಲ್ಲ. ಒಂದು ಹಾಳೆ ಕಾಗದ ಅಡ್ಡ ಹಿಡಿದರೆ ನಿಲ್ಲುತ್ತದೆ, ಚರ್ಮದ ಮೇಲಿನ ಸತ್ತ ಪದರವೂ ಅದನ್ನು ತಡೆಯುತ್ತದೆ. ಹಾಗಾಗಿ ಹೊರಗಿದ್ದಾಗ ಅದರಿಂದ ಭಯ ಕಡಿಮೆ. ಒಳಗೆ ಹೋದಾಗ ಅದೇ ಗುಣ ತಿರುಗಿ ಬೀಳುತ್ತದೆ. ಮೆದುವಾದ ಅಂಗಾಂಶದಲ್ಲಿ ಅದು ಸಾಗುವ ದೂರ ಸುಮಾರು 40 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ), ಒಂದು ಕೂದಲಿನ ದಪ್ಪದ ಅರ್ಧದಷ್ಟು. ತನ್ನ ಶಕ್ತಿಯನ್ನೆಲ್ಲ ಆ ಚಿಕ್ಕ ದಾರಿಯಲ್ಲೇ, ನಾಲ್ಕಾರು ಜೀವಕೋಶಗಳ ಮೇಲೆ ಸುರಿದುಬಿಡುತ್ತದೆ. ದಾರಿಯಲ್ಲಿ ಸಿಕ್ಕ ಡಿಎನ್ಎಯ ಜೋಡಿ ಎಳೆಗಳು ಎರಡೂ ಒಟ್ಟಿಗೆ ತುಂಡಾಗುತ್ತವೆ. ಅಂಥ ತುಂಡನ್ನು ಜೀವಕೋಶ ಸರಿಯಾಗಿ ಜೋಡಿಸಿಕೊಳ್ಳುವುದು ಕಷ್ಟ. ಸತ್ತರೆ ಒಂದು ಲೆಕ್ಕ. ಸಾಯದೆ, ತಪ್ಪಾಗಿ ಜೋಡಿಸಿಕೊಂಡು ಬದುಕಿ ಉಳಿದ ಜೀವಕೋಶವೇ ಮುಂದೆ ತೊಂದರೆ ಕೊಡುವುದು. ಅದಕ್ಕೇ ವಿಕಿರಣ ಸುರಕ್ಷತೆಯ ಲೆಕ್ಕದಲ್ಲಿ, ಒಂದೇ ಪ್ರಮಾಣದ ಶಕ್ತಿ ಅಂಗಾಂಶಕ್ಕೆ ಸೇರಿದ್ದರೂ ಆಲ್ಫಾಗೆ ಎಕ್ಸ್‌ರೇಯಂಥ ಗಾಮಾ ಕಿರಣಕ್ಕಿಂತ 20 ಪಟ್ಟು ಹೆಚ್ಚು ತೂಕ ಕೊಡುತ್ತಾರೆ.

ಒಂದು ಮೈಕ್ರಾನ್ ಅಡ್ಡಳತೆಯ ಪ್ಲುಟೋನಿಯಂ-239 ಆಕ್ಸೈಡ್ ಕಣವನ್ನು ತೆಗೆದುಕೊಳ್ಳಿ. ಬರಿಗಣ್ಣಿಗೆ ಅದು ಕಾಣುವುದಿಲ್ಲ. ಸಾಂದ್ರತೆ, ತೂಕ, ಅರ್ಧಾಯು (ವಸ್ತುವಿನ ಅರ್ಧ ಭಾಗ ಕ್ಷಯಿಸಲು ಹಿಡಿಯುವ ಕಾಲ) ಹಿಡಿದು ಲೆಕ್ಕ ಹಾಕಿದರೆ ಅದರಿಂದ ಹೊರಡುವ ಆಲ್ಫಾ ಕಣಗಳು ದಿನಕ್ಕೆ ಸುಮಾರು ಒಂದು ಸಾವಿರ. ಹೆಚ್ಚು ಕಡಿಮೆ ಒಂದೂವರೆ ನಿಮಿಷಕ್ಕೊಂದು. ಅರ್ಧಾಯು 24,100 ವರ್ಷವಾದ್ದರಿಂದ ನಾಯಿಯ ಆಯಸ್ಸಿನಲ್ಲಾಗಲಿ ಮನುಷ್ಯನ ಆಯಸ್ಸಿನಲ್ಲಾಗಲಿ ಈ ವೇಗ ಇಳಿಯುವುದೇ ಇಲ್ಲ ಎನ್ನಬಹುದು.

ಇದನ್ನು ಕಣ್ಣಾರೆ ನೋಡುವ ಒಂದು ವಿಧಾನವಿದೆ. ಇಂಥ ಕಣ ಸಿಕ್ಕಿಕೊಂಡಿರುವ ಶ್ವಾಸಕೋಶದ ತೆಳ್ಳನೆಯ ಸೀಳನ್ನು ಫೋಟೋ ಫಿಲ್ಮಿನ ಲೇಪಕ್ಕೆ ತಾಗಿಸಿ ಕತ್ತಲಲ್ಲಿ ಕೆಲವು ದಿನ ಬಿಡುತ್ತಾರೆ. ತೊಳೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಗಾಳಿಗೂಡುಗಳ ತೆಳುವಾದ ಜಾಲರಿಯ ನಡುವೆ ಒಂದು ಕಪ್ಪು ಚುಕ್ಕೆ, ಅದರ ಸುತ್ತ ಎಲ್ಲ ದಿಕ್ಕಿಗೂ ಚಾಚಿದ ನೆಟ್ಟನೆಯ ಕಪ್ಪು ಗೆರೆಗಳು. ದತ್ತೂರದ ಕಾಯಿಯ ಮೈಮೇಲಿನ ಮುಳ್ಳಿನಂತೆ. ಒಂದೊಂದು ಗೆರೆಯೂ ಒಂದು ಆಲ್ಫಾ ಕಣ ಹೋದ ದಾರಿ. ಎಲ್ಲ ಗೆರೆಗಳೂ ಒಂದಿಷ್ಟು ದೂರ ಹೋಗಿ ನಿಂತಿರುತ್ತವೆ, ಅದರಾಚೆ ಅಂಗಾಂಶ ಏನೂ ಆಗದಂತಿರುತ್ತದೆ. ಈ ಲೇಖನ ಬರೆಯಬೇಕು ಅನ್ನಿಸಿದ್ದು ಅಂಥದೊಂದು ಚಿತ್ರ ನೋಡಿದ ಮೇಲೆ.

ಈ ಕಣ ಅಲ್ಲಿಯವರೆಗೆ ಹೋದದ್ದು ಹೇಗೆ? ಹಳೆಯ ಹೆಂಚಿನ ಮನೆಗಳಲ್ಲಿ ಬೆಳಕಿಂಡಿಯಿಂದ ಬಿಸಿಲು ಕೋಲಿನಂತೆ ಇಳಿಯುವಾಗ ಅದರಲ್ಲಿ ಧೂಳು ತೇಲುವುದನ್ನು ನೋಡಿರುತ್ತೀರಿ. ಹಾಗೆ ಒಂದೊಂದಾಗಿ ಎಣಿಸಬಹುದಾದ ಧೂಳು ದೊಡ್ಡದು. ಅದರಲ್ಲಿ ಬಹುಪಾಲನ್ನು ಮೂಗೇ ಹಿಡಿದು ಹಾಕುತ್ತದೆ. ಹತ್ತು ಮೈಕ್ರಾನಿಗಿಂತ ದಪ್ಪದ ಕಣಗಳು ಮೂಗಿನ ತಿರುವುಗಳಲ್ಲಿ, ಗಂಟಲಿನಲ್ಲಿ ಡಿಕ್ಕಿ ಹೊಡೆದು ಅಂಟಿಕೊಳ್ಳುತ್ತವೆ. ಒಳಗಿನ ಗಾಳಿಗೂಡಿನವರೆಗೆ ಹೋಗುವುದು ಒಂದೆರಡು ಮೈಕ್ರಾನಿನವು, ಇನ್ನೂ ಸಣ್ಣವು. ಇಲ್ಲಿ ಅಳತೆಯ ಜೊತೆಗೆ ಭಾರವೂ ಲೆಕ್ಕಕ್ಕೆ ಬರುತ್ತದೆ. ಪ್ಲುಟೋನಿಯಂ ಆಕ್ಸೈಡ್ ನೀರಿಗಿಂತ ಹನ್ನೊಂದು ಪಟ್ಟಿಗೂ ಹೆಚ್ಚು ಭಾರ. ಹಾಗಾಗಿ ಅದರ ಒಂದು ಮೈಕ್ರಾನಿನ ಕಣ ಗಾಳಿಯಲ್ಲಿ ಮೂರು ಮೈಕ್ರಾನಿಗೂ ಮಿಕ್ಕಿದ ನೀರಿನ ಹನಿಯಂತೆ ನಡೆದುಕೊಳ್ಳುತ್ತದೆ. ಪ್ರಯೋಗ ನಡೆಸುವವರು ಕಣದ ಗಾತ್ರವನ್ನು ಈ ಲೆಕ್ಕದಲ್ಲೇ ಹೇಳುತ್ತಾರೆ.

ಶ್ವಾಸನಾಳದ ಒಳಮೈಗೆ ಲೋಳೆಯ ಪದರವಿದೆ, ಅದರ ಅಡಿಯಲ್ಲಿ ಸೂಕ್ಷ್ಮ ರೋಮಗಳು. ಗಾಳಿಗೆ ಭತ್ತದ ಪೈರು ಬಾಗುವಂತೆ ಇವು ಒಂದೇ ದಿಕ್ಕಿಗೆ ಬೀಸುತ್ತಾ ಲೋಳೆಯನ್ನು, ಅದರಲ್ಲಿ ಅಂಟಿದ ಕಣಗಳನ್ನು ಗಂಟಲಿಗೆ ತಳ್ಳುತ್ತವೆ. ನಾಯಿ ಅದನ್ನು ನುಂಗುತ್ತದೆ. ಕರಗದ ಆಕ್ಸೈಡ್ ಆಗಿದ್ದರೆ ಕರುಳು ಅದನ್ನು ಹೀರಿಕೊಳ್ಳುವುದೇ ಇಲ್ಲ ಎನ್ನುವಷ್ಟು ಕಡಿಮೆ, ಒಂದೆರಡು ದಿನದಲ್ಲಿ ಮಲದಲ್ಲಿ ಹೋಗುತ್ತದೆ. ಇಲ್ಲಿಯವರೆಗೆ ದೇಹದ ಏರ್ಪಾಡು ಚೆನ್ನಾಗಿಯೇ ಇದೆ.

ರೋಮಗಳಿಲ್ಲದ ಗಾಳಿಗೂಡಿಗೆ ಇಳಿದ ಕಣಕ್ಕೆ ಈ ದಾರಿ ಇಲ್ಲ. ಅಲ್ಲಿ ಮ್ಯಾಕ್ರೋಫೇಜ್ ಎಂಬ ಕಾವಲು ಜೀವಕೋಶಗಳು ಕಣವನ್ನು ನುಂಗುತ್ತವೆ. ಬ್ಯಾಕ್ಟೀರಿಯಾ ಆಗಿದ್ದರೆ ಕರಗಿಸಿ ಮುಗಿಸುತ್ತಿದ್ದವು. ಪ್ಲುಟೋನಿಯಂ ಆಕ್ಸೈಡನ್ನು ಕರಗಿಸಲು ಅವಕ್ಕೆ ಆಗುವುದಿಲ್ಲ. ಹೊತ್ತುಕೊಂಡು ತಿರುಗುತ್ತವೆ, ಆಲ್ಫಾ ಹೊಡೆತಕ್ಕೆ ಸಾಯುತ್ತವೆ, ಬಿದ್ದ ಕಣವನ್ನು ಇನ್ನೊಂದು ಬಂದು ನುಂಗುತ್ತದೆ. ಕೆಲವು ಕಣಗಳು ಹೀಗೆ ಕೈಯಿಂದ ಕೈಗೆ ಸಾಗಿ, ಶ್ವಾಸನಾಳ ಕವಲೊಡೆಯುವಲ್ಲಿರುವ ದುಗ್ಧಗ್ರಂಥಿಗಳಿಗೆ (ಲಿಂಫ್ ನೋಡ್) ತಲುಪುತ್ತವೆ. ನಾಯಿಗಳಲ್ಲಿ ವರ್ಷ ಕಳೆದಂತೆ ಈ ಪುಟ್ಟ ಗ್ರಂಥಿಗಳಲ್ಲಿ ಪ್ಲುಟೋನಿಯಂ ಎಷ್ಟು ಸೇರಿತೆಂದರೆ, ಅವುಗಳ ತೂಕಕ್ಕೆ ಹೋಲಿಸಿದರೆ ಶ್ವಾಸಕೋಶಕ್ಕಿಂತ ಎಷ್ಟೋ ಪಟ್ಟು ಹೆಚ್ಚಾಯಿತು. ಗ್ರಂಥಿಗಳು ಬತ್ತಿ, ಗಾಯದ ಕಲೆಯಂಥ ನಾರಿನ ಉಂಡೆಗಳಾದವು.

ನಾಯಿಯನ್ನೇ ಆರಿಸಿಕೊಂಡದ್ದಕ್ಕೂ ಕಾರಣ ಈ ತೆರವಿನ ವೇಗದಲ್ಲೇ ಇದೆ. ಇಲಿಯ ಶ್ವಾಸಕೋಶ ಕರಗದ ಧೂಳನ್ನು ಕೆಲವೇ ತಿಂಗಳಲ್ಲಿ ಬಹುಮಟ್ಟಿಗೆ ಹೊರಹಾಕುತ್ತದೆ. ನಾಯಿಯಲ್ಲಿ, ಮನುಷ್ಯನಲ್ಲಿ ಅದಕ್ಕೆ ವರ್ಷಗಳೇ ಹಿಡಿಯುತ್ತವೆ. ಇಲಿಯ ಆಯಸ್ಸೂ ಎರಡು ಮೂರು ವರ್ಷ. ನಿಧಾನಕ್ಕೆ ಬೆಳೆಯುವ ರೋಗ ಅಷ್ಟರಲ್ಲಿ ಕಾಣಿಸಿಕೊಳ್ಳಬೇಕಲ್ಲ. ಬೀಗಲ್ ಸುಮಾರು ಹತ್ತು ಕಿಲೋ ತೂಗುತ್ತದೆ, 12ರಿಂದ 15 ವರ್ಷ ಬದುಕುತ್ತದೆ, ಗುಂಪಿನಲ್ಲಿ ಜಗಳವಿಲ್ಲದೆ ಇರುತ್ತದೆ. ಮುಖವಾಡ ಕಟ್ಟಿದರೂ ಸುಮ್ಮನೆ ಕೂರುವ ಅದರ ಸೌಮ್ಯ ಸ್ವಭಾವವೇ ಅದನ್ನು ಅಲ್ಲಿಗೆ ಒಯ್ದಿತು ಎನ್ನುವುದು ನನ್ನನ್ನು ಕಾಡುವ ಸಂಗತಿ. ಹ್ಯಾನ್‌ಫರ್ಡ್ ಅಲ್ಲದೆ ನ್ಯೂ ಮೆಕ್ಸಿಕೋದ ಆಲ್ಬುಕರ್ಕಿಯಲ್ಲಿದ್ದ ಲವ್‌ಲೇಸ್ ಸಂಸ್ಥೆಯಲ್ಲೂ ಉಸಿರಾಟದ ಪ್ರಯೋಗಗಳು ನಡೆದವು. ಯೂಟಾ ವಿಶ್ವವಿದ್ಯಾಲಯ, ಕ್ಯಾಲಿಫೋರ್ನಿಯಾದ ಡೇವಿಸ್, ಷಿಕಾಗೋ ಬಳಿಯ ಆರ್ಗಾನ್ ಪ್ರಯೋಗಾಲಯಗಳಲ್ಲಿ ಇಂಜೆಕ್ಷನ್ ಮೂಲಕ, ಆಹಾರದ ಮೂಲಕ, ಹೊರಗಿನಿಂದ ಗಾಮಾ ಹಾಯಿಸಿ ನೋಡಿದರು. ಎಲ್ಲ ಸೇರಿದರೆ ಸಾವಿರಾರು ನಾಯಿಗಳು.

ಆ ನಾಯಿಗಳಿಗೆ ಏನಾಯಿತು?

ಶ್ವಾಸಕೋಶದಲ್ಲಿ ಪ್ಲುಟೋನಿಯಂ ತುಂಬಾ ಹೆಚ್ಚು ಉಳಿದ ನಾಯಿಗಳಲ್ಲಿ ಕೆಲವು ತಿಂಗಳಿಂದ ಕೆಲವು ವರ್ಷಗಳೊಳಗೆ ಉಸಿರಿನ ವೇಗ ಏರತೊಡಗಿತು. ಮಲಗಿದ್ದಾಗಲೂ ಓಡಿ ಬಂದಂತೆ ಏದುಸಿರು. ಗಾಳಿಗೂಡಿನ ಗೋಡೆಗಳು ಉರಿಯೂತದಿಂದ ಊದಿ, ಆಮೇಲೆ ಆ ಜಾಗದಲ್ಲಿ ನಾರು ತುಂಬಿಕೊಂಡಿತು. ನಾರುಗಟ್ಟಿದ ಶ್ವಾಸಕೋಶ ಹಿಗ್ಗುವುದಿಲ್ಲ, ಆಮ್ಲಜನಕ ರಕ್ತಕ್ಕೆ ದಾಟುವುದಿಲ್ಲ. ನಾಯಿ ತೂಕ ಕಳೆದುಕೊಳ್ಳುತ್ತಾ ಹೋಗಿ ಸಾಯುತ್ತಿತ್ತು. ಇಲ್ಲಿ ಕ್ಯಾನ್ಸರ್ ಬರಲು ಸಮಯವೇ ಸಿಗಲಿಲ್ಲ.

ಅದಕ್ಕಿಂತ ಕಡಿಮೆ ಉಳಿದವು ವರ್ಷಗಟ್ಟಲೆ ಚೆನ್ನಾಗಿಯೇ ಇದ್ದವು. ಅವುಗಳ ರಕ್ತದಲ್ಲಿ ಮಾತ್ರ ಒಂದು ಬದಲಾವಣೆ ಕಂಡಿತು. ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳ ಸಂಖ್ಯೆ ಇಳಿಯಿತು. ಶ್ವಾಸಕೋಶ ಮತ್ತು ಅದರ ದುಗ್ಧಗ್ರಂಥಿಗಳ ಮೂಲಕ ಹಾದುಹೋಗುವ ಈ ಕಣಗಳು ಹಾಯುವಾಗಲೆಲ್ಲ ಏಟು ತಿನ್ನುತ್ತಿದ್ದವು. ಕ್ಯಾನ್ಸರ್ ಕಾಣುವುದಕ್ಕೆ ಬಹಳ ಮೊದಲೇ ಸಿಗುವ ಗುರುತು ಇದು. ಆಮೇಲೆ, ವಯಸ್ಸು ಏರಿದ ಹಾಗೆ ಶ್ವಾಸಕೋಶದ ಕ್ಯಾನ್ಸರ್. ಹೆಚ್ಚಿನವು ಗಾಳಿಗೂಡಿನ ಬಳಿಯೇ, ಶ್ವಾಸಕೋಶದ ಅಂಚಿನ ಕಡೆ ಹುಟ್ಟಿದವು. ಮನುಷ್ಯನಲ್ಲಿ ಬೀಡಿ ಸಿಗರೇಟಿನಿಂದ ಬರುವ ಕ್ಯಾನ್ಸರ್ ಹಲವು ಬಾರಿ ದೊಡ್ಡ ಶ್ವಾಸನಾಳಗಳಲ್ಲಿ ಶುರುವಾಗುತ್ತದೆ. ಇಲ್ಲಿ ರೋಗ ಹುಟ್ಟಿದ್ದು ಕಣ ಕೂತ ಜಾಗದಲ್ಲಿ. ಪ್ರಮಾಣ ಇನ್ನೂ ಇಳಿದಾಗ ನಾಯಿಗಳು ಸಾಮಾನ್ಯ ಆಯಸ್ಸಿನ ಹತ್ತಿರ ಬದುಕಿದವು. ಎಲ್ಲಕ್ಕೂ ರೋಗ ಬರಲಿಲ್ಲ.

ಇನ್ನು ರಸಾಯನದ ವಿಷಯ. ನನ್ನ ಮಟ್ಟಿಗೆ ಇಡೀ ಅಧ್ಯಯನದ ತಿರುಳು ಇಲ್ಲಿದೆ. 1970ರ ದಶಕದಲ್ಲಿ ಹ್ಯಾನ್‌ಫರ್ಡಿನವರು ಮೂರು ಬೇರೆ ಬೇರೆ ಗುಂಪಿನ ನಾಯಿಗಳಿಗೆ ಮೂರು ರೂಪದ ಪ್ಲುಟೋನಿಯಂ ಕೊಟ್ಟರು. ಒಂದು, ಬಾಂಬಿಗೆ ಬಳಸುವ ಪ್ಲುಟೋನಿಯಂ-239ರ ಆಕ್ಸೈಡ್. ಎರಡು, ಪ್ಲುಟೋನಿಯಂ-238ರ ಆಕ್ಸೈಡ್. ಮೂರು, ಪ್ಲುಟೋನಿಯಂ ನೈಟ್ರೇಟ್.

ಮೊದಲನೆಯದು ಕರಗುವುದಿಲ್ಲ. ಎದೆಯಲ್ಲೇ ಉಳಿಯಿತು, ಶ್ವಾಸಕೋಶವನ್ನೂ ದುಗ್ಧಗ್ರಂಥಿಯನ್ನೂ ಕೆಡಿಸಿತು. ಮೂರನೆಯದು ಕರಗುತ್ತದೆ. ಶ್ವಾಸಕೋಶದಿಂದ ರಕ್ತಕ್ಕೆ, ರಕ್ತದಿಂದ ಮೂಳೆಗೆ ಮತ್ತು ಯಕೃತ್ತಿಗೆ ಹೋಯಿತು. ಪ್ಲುಟೋನಿಯಂ ಮೂಳೆಯ ಮೇಲ್ಮೈಗೆ ಅಂಟಿಕೊಳ್ಳುತ್ತದೆ. ಮೂಳೆ ಕಟ್ಟುವ ಜೀವಕೋಶಗಳಿರುವುದೂ ಅಲ್ಲೇ. ಆ ಗುಂಪಿನ ನಾಯಿಗಳನ್ನು ಹೆಚ್ಚಾಗಿ ಕೊಂದದ್ದು ಮೂಳೆಯ ಕ್ಯಾನ್ಸರ್. ನಾಯಿ ಉಸಿರಾಡಿದ್ದು ಮೂಗಿನಿಂದ, ಕುಂಟತೊಡಗಿದ್ದು ಕಾಲಿನಲ್ಲಿ.

ಎರಡನೆಯದು ಎಲ್ಲರಿಗೂ ಪಾಠ ಕಲಿಸಿತು. ಅದೂ ಆಕ್ಸೈಡೇ, ಅದೂ ಪ್ಲುಟೋನಿಯಮ್ಮೇ. ಆದರೆ 238ರ ಅರ್ಧಾಯು 87.7 ವರ್ಷ ಮಾತ್ರ. ಅಂದರೆ ಅಷ್ಟೇ ತೂಕದ 239ಕ್ಕಿಂತ ಸುಮಾರು 280 ಪಟ್ಟು ಬಿರುಸಾಗಿ ಕ್ಷಯಿಸುತ್ತದೆ. ತನ್ನದೇ ಆಲ್ಫಾ ಹೊಡೆತಕ್ಕೆ ಆ ಕಣದ ಹರಳು ಒಳಗಿಂದಲೇ ಬಿರುಕು ಬಿಟ್ಟು, ಕೆಲವು ಕಾಲದ ನಂತರ ಚೂರುಚೂರಾಗುತ್ತದೆ. ಚೂರುಗಳು ನಿಧಾನಕ್ಕೆ ಕರಗುತ್ತವೆ. ಹಾಗಾಗಿ ಮೊದಲು ಎದೆಯಲ್ಲಿ ಸುಮ್ಮನೆ ಕೂತಂತಿದ್ದದ್ದು ಆಮೇಲೆ ಮೂಳೆಯ ಕಡೆ ಹೊರಟಿತು. ಈ ನಾಯಿಗಳಲ್ಲಿ ಶ್ವಾಸಕೋಶದ ಕ್ಯಾನ್ಸರ್ ಜೊತೆ ಮೂಳೆಯ ಕ್ಯಾನ್ಸರ್ ಕೂಡ ಹೆಚ್ಚು ಕಂಡಿತು. ಇದು ಬರೀ ಪುಸ್ತಕದ ಕುತೂಹಲವಲ್ಲ. ವ್ಯೋಮನೌಕೆಗಳಿಗೆ ವಿದ್ಯುತ್ ಕೊಡುವುದು ಇದೇ ಪ್ಲುಟೋನಿಯಂ-238. 1964ರ ಏಪ್ರಿಲ್‌ನಲ್ಲಿ ಅಮೆರಿಕದ ಒಂದು ಉಪಗ್ರಹ ಕಕ್ಷೆ ಸೇರದೆ ವಾತಾವರಣದಲ್ಲಿ ಉರಿದುಹೋದಾಗ ಅದರಲ್ಲಿದ್ದ ಸುಮಾರು ಒಂದು ಕಿಲೋ ಪ್ಲುಟೋನಿಯಂ-238 ಗಾಳಿಯಲ್ಲಿ ಚದುರಿತ್ತು. ಆ ಮೇಲೆ ಈ ವಿದ್ಯುತ್ ಪೆಟ್ಟಿಗೆಗಳನ್ನು ಉರಿಯದಂತೆ, ಒಡೆಯದಂತೆ ಕಟ್ಟತೊಡಗಿದರು.

ಲವ್‌ಲೇಸಿನವರ ಕಾಳಜಿ ಬೇರೆ ಇತ್ತು. ರಿಯಾಕ್ಟರ್ ಅಪಘಾತವಾದರೆ ಗಾಳಿಗೆ ಬರಬಹುದಾದವುಗಳಲ್ಲಿ, ಬೀಟಾ ಎಂಬ ಇನ್ನೊಂದು ಬಗೆಯ ಕಣ ಸೂಸುವ ಸ್ಟ್ರಾಂಷಿಯಂ, ಸೀರಿಯಂ, ಇಟ್ರಿಯಂ, ಸೀಸಿಯಂಗಳೂ ಇವೆ. ಅವರು ಮಾಡಿದ ಉಪಾಯವನ್ನು ಕುಂಬಾರರು ಮೆಚ್ಚುತ್ತಾರೆ. ಜೇಡಿಮಣ್ಣಿನ ಕಣಗಳಿಗೆ ವಿಕಿರಣಶೀಲ ಧಾತುವನ್ನು ಹೀರಿಸಿ, ಗಾಳಿಯಲ್ಲಿ ತೇಲಿಸಿ, ಸಾವಿರ ಡಿಗ್ರಿಗೂ ಮೀರಿದ ಕುಲುಮೆಯ ಮೂಲಕ ಹಾಯಿಸಿದರು. ಸುಟ್ಟ ಮಣ್ಣು ಗಾಜಿನಂಥ ಪುಟ್ಟ ಗೋಲಿಯಾಯಿತು, ಧಾತು ಒಳಗೆ ಬಂಧಿಯಾಯಿತು. ಸ್ಟ್ರಾಂಷಿಯಂ-90 ಕ್ಲೋರೈಡ್ ರೂಪದಲ್ಲಿ ಹೋದರೆ ಕರಗಿ ಮೂಳೆಗೆ ಸೇರುತ್ತದೆ. ಅದೇ ಸ್ಟ್ರಾಂಷಿಯಂ ಈ ಗೋಲಿಯೊಳಗೆ ಹೋದಾಗ ಶ್ವಾಸಕೋಶದಲ್ಲೇ ಉಳಿಯಿತು, ಅಲ್ಲಿ ಕ್ಯಾನ್ಸರ್ ತಂದಿತು. ಬೀಟಾ ಕಣಗಳು ಆಲ್ಫಾಗಿಂತ ದೂರ ಸಾಗುವುದರಿಂದ ಪಕ್ಕದ ಹೃದಯಕ್ಕೂ ಏಟು ಬಿದ್ದು, ಕೆಲವು ನಾಯಿಗಳಲ್ಲಿ ರಕ್ತನಾಳದ ಗಡ್ಡೆಗಳು ಕಂಡವು.

ಗೋಲಿ ಒಂದೇ ಆದ್ದರಿಂದ ಒಳಗಿನ ಧಾತುವನ್ನು ಬದಲಾಯಿಸಿ ಸಮಯದ ಪಾತ್ರವನ್ನೂ ನೋಡಲು ಸಾಧ್ಯವಾಯಿತು. ಇಟ್ರಿಯಂ-90ರ ಅರ್ಧಾಯು 64 ಗಂಟೆ, ತನ್ನ ಶಕ್ತಿಯನ್ನೆಲ್ಲ ಒಂದೆರಡು ವಾರದಲ್ಲಿ ಸುರಿದುಬಿಡುತ್ತದೆ. ಇಟ್ರಿಯಂ-91ಕ್ಕೆ ಸುಮಾರು ಎರಡು ತಿಂಗಳು, ಸೀರಿಯಂ-144ಕ್ಕೆ 285 ದಿನ, ಸ್ಟ್ರಾಂಷಿಯಂ-90ಕ್ಕೆ ಸುಮಾರು 29 ವರ್ಷ. ಕೆಲವೇ ದಿನದಲ್ಲಿ ಸುರಿದಾಗ ಉರಿಯೂತದಿಂದ ಬೇಗ ಸಾಯಿಸುವ ಪ್ರಮಾಣ, ವರ್ಷಗಟ್ಟಲೆ ಹರಡಿದಾಗ ಬೇಗ ಸಾಯಿಸುವುದಿಲ್ಲ. ನಡುವೆ ದುರಸ್ತಿಗೆ ಬಿಡುವು ಸಿಗುತ್ತದೆ. ಹಾಗೆ ಉಳಿದುಕೊಂಡ ನಾಯಿಗಳಿಗೆ ಕ್ಯಾನ್ಸರ್ ಮುಂದೆ ಕಾದಿರುತ್ತಿತ್ತು.

ಈ ಸುಟ್ಟ ಮಣ್ಣಿನ ಗೋಲಿಗಳು ಪ್ರಯೋಗಾಲಯದ ಕೃತಕ ವಸ್ತು ಎಂದು ಬಹುಕಾಲ ಅನ್ನಿಸಿರಬಹುದು. 2011ರ ಮಾರ್ಚ್‌ನಲ್ಲಿ ಫುಕುಶಿಮಾ ರಿಯಾಕ್ಟರುಗಳು ಕರಗಿದವು. ಅಲ್ಲಿಂದ ಸುಮಾರು 170 ಕಿಲೋಮೀಟರ್ ದೂರದ ತ್ಸುಕುಬಾದಲ್ಲಿ ಗಾಳಿ ಸೋಸುವ ಕಾಗದದ ಮೇಲೆ ಹಿಡಿದ ಧೂಳನ್ನು ಪರೀಕ್ಷಿಸಿದ ಜಪಾನಿನ ವಿಜ್ಞಾನಿಗಳು 2013ರಲ್ಲಿ ಒಂದು ಸಂಗತಿ ಪ್ರಕಟಿಸಿದರು. ಸುಮಾರು ಎರಡು ಮೈಕ್ರಾನಿನ, ನೀರಲ್ಲಿ ಕರಗದ, ಸೀಸಿಯಂ ತುಂಬಿದ ದುಂಡನೆಯ ಕಣಗಳು ಅದರಲ್ಲಿದ್ದವು. ಅವು ಗಾಜು ಎಂಬುದು ಆಮೇಲೆ ಗೊತ್ತಾಯಿತು. ಸೀಸಿಯಂ ಅಂದರೆ ದೇಹದಲ್ಲೆಲ್ಲ ಹರಡಿ ಕೆಲವು ತಿಂಗಳಲ್ಲಿ ಮೂತ್ರದಲ್ಲಿ ಹೋಗುವ ಧಾತು ಎಂದೇ ಲೆಕ್ಕ ಹಾಕುತ್ತಿದ್ದೆವು. ಗಾಜಿನೊಳಗೆ ಸಿಕ್ಕಿಕೊಂಡ ಸೀಸಿಯಂಗೆ ಆ ಲೆಕ್ಕ ಹೊಂದುವುದಿಲ್ಲ. ಅರ್ಧ ಶತಮಾನದ ಹಿಂದೆ ಆಲ್ಬುಕರ್ಕಿಯ ನಾಯಿಗಳು ಉಸಿರಾಡಿದ ಗೋಲಿಗಳಿಗೆ ಇವು ಎಷ್ಟು ಹತ್ತಿರ ನೋಡಿ.

ಒಂದು ಜಗಳದ ಬಗ್ಗೆಯೂ ಹೇಳಬೇಕು. ಮುಳ್ಳಿನ ಕಾಯಿಯಂಥ ಆ ಚಿತ್ರ ನೋಡಿದ ಯಾರಿಗಾದರೂ ಒಂದು ಪ್ರಶ್ನೆ ಹುಟ್ಟುತ್ತದೆ. ಇಡೀ ಶ್ವಾಸಕೋಶಕ್ಕೆ ಹಂಚಿ ಸರಾಸರಿ ತೆಗೆದರೆ ಪ್ರಮಾಣ ಚಿಕ್ಕದು, ಆದರೆ ಕಣದ ಸುತ್ತಲಿನ ಜೀವಕೋಶಗಳಿಗೆ ಬೀಳುವ ಏಟು ಭಯಂಕರ. ಸರಾಸರಿ ಲೆಕ್ಕ ಅಪಾಯವನ್ನು ಮುಚ್ಚಿಡುತ್ತಿದೆಯೇ? ಹೌದು, ಬಹಳ ಮುಚ್ಚಿಡುತ್ತಿದೆ ಎಂದು 1974ರಲ್ಲಿ ವಿಜ್ಞಾನಿಗಳಾದ ಆರ್ಥರ್ ಟ್ಯಾಂಪ್ಲಿನ್ ಮತ್ತು ಥಾಮಸ್ ಕಾಕ್ರನ್ ವಾದಿಸಿ, ಇಂಥ ಕಣಗಳಿಗೆ ಇಟ್ಟಿದ್ದ ಮಿತಿಗಳನ್ನು ಭಾರೀ ಪ್ರಮಾಣದಲ್ಲಿ ಇಳಿಸಬೇಕೆಂದು ಅಮೆರಿಕ ಸರ್ಕಾರವನ್ನು ಕೇಳಿದರು. ಲಾಸ್ ಅಲಮೋಸ್‌ನಲ್ಲಿ ಹ್ಯಾಮ್‌ಸ್ಟರುಗಳ ರಕ್ತನಾಳಕ್ಕೆ ಪ್ಲುಟೋನಿಯಂ ಇರುವ ಜಿರ್ಕೋನಿಯಾ ಗೋಲಿಗಳನ್ನು ಬಿಟ್ಟು, ಅವು ಶ್ವಾಸಕೋಶದ ಲೋಮನಾಳಗಳಲ್ಲಿ ಸಿಕ್ಕಿಕೊಳ್ಳುವಂತೆ ಮಾಡಿದ ಪ್ರಯೋಗಗಳು ಆಗಲೇ ನಡೆದಿದ್ದವು. ಸಾವಿರಾರು ಗೋಲಿಗಳಿದ್ದರೂ ಗಡ್ಡೆಗಳು ಬಹಳ ಕಡಿಮೆ ಕಂಡವು. ತೀರಾ ಹೆಚ್ಚು ವಿಕಿರಣ ಸೂಸುವ ಕಣ ತನ್ನ ಸುತ್ತಲಿನ ಜೀವಕೋಶಗಳನ್ನು ಕೊಂದೇ ಬಿಡುತ್ತದೆ, ಸತ್ತ ಜೀವಕೋಶ ಕ್ಯಾನ್ಸರ್ ಆಗುವುದಿಲ್ಲ. ಅಷ್ಟೇ ವಿಕಿರಣ ಹೆಚ್ಚು ಜೀವಕೋಶಗಳಿಗೆ ಹಂಚಿಹೋದಾಗ, ಗಾಯಗೊಂಡು ಬದುಕುಳಿಯುವ ಜೀವಕೋಶಗಳು ಹೆಚ್ಚು. 1976ರಲ್ಲಿ ಅಮೆರಿಕದ ಪರಮಾಣು ನಿಯಂತ್ರಣ ಆಯೋಗ ಆ ಬೇಡಿಕೆಯನ್ನು ತಳ್ಳಿಹಾಕಿತು. ಟ್ಯಾಂಪ್ಲಿನ್, ಕಾಕ್ರನ್ ಕೇಳಿದ ಪ್ರಶ್ನೆ ಸರಿಯಾದದ್ದೇ ಆಗಿತ್ತು ಎಂದು ನಾನು ನಂಬುತ್ತೇನೆ. ಉತ್ತರ ಅವರು ಅಂದುಕೊಂಡ ದಿಕ್ಕಿನಲ್ಲಿ ಬರಲಿಲ್ಲ, ಅಷ್ಟೇ.

ಪ್ಲುಟೋನಿಯಂ ಹುಟ್ಟುವುದಕ್ಕೆ ಮೊದಲೂ ಈ ರೋಗ ಇತ್ತು. ಜರ್ಮನಿಯ ಶ್ನೀಬರ್ಗ್ ಗಣಿಗಳಲ್ಲಿ ದುಡಿಯುವವರು ಎದೆರೋಗದಿಂದ ಸಾಯುವುದು ಶತಮಾನಗಳಿಂದ ಗೊತ್ತಿತ್ತು. ಅದು ಶ್ವಾಸಕೋಶದ ಗಡ್ಡೆ ಎಂದು 1879ರಲ್ಲಿ ಇಬ್ಬರು ವೈದ್ಯರು ತೋರಿಸಿದರು. ವಿಕಿರಣಶೀಲತೆಯ ಹೆಸರೇ ಆಗ ಹುಟ್ಟಿರಲಿಲ್ಲ. ಅಪರಾಧಿ ಕಲ್ಲಿನಿಂದ ಒಸರುವ ರೇಡಾನ್ ಅನಿಲ. ಅನಿಲ ತಾನಾಗಿ ಉಸಿರಿನೊಂದಿಗೆ ಬಂದು ಉಸಿರಿನೊಂದಿಗೆ ಹೋಗುತ್ತದೆ. ಅದು ಕ್ಷಯಿಸಿ ಹುಟ್ಟುವ ಪೊಲೋನಿಯಂನಂಥ ಘನ ಮರಿಗಳು ಧೂಳಿಗೆ ಅಂಟಿಕೊಂಡು ಶ್ವಾಸನಾಳದಲ್ಲಿ ಕೂರುತ್ತವೆ. ಫ್ರಾನ್ಸಿನ ಸಂಶೋಧಕರು 1970ರ ದಶಕದಲ್ಲಿ ಇಲಿಗಳಿಗೆ ರೇಡಾನ್ ಉಸಿರಾಡಿಸಿ ಶ್ವಾಸಕೋಶದ ಕ್ಯಾನ್ಸರ್ ಬರುವುದನ್ನು ಸ್ಪಷ್ಟವಾಗಿ ತೋರಿಸಿದರು. ಜಾರ್ಖಂಡದ ಜಾದೂಗುಡದಂಥ ಯುರೇನಿಯಂ ಗಣಿಗಳಲ್ಲಿ, ನಮ್ಮ ಯಾದಗಿರಿ ಜಿಲ್ಲೆಯ ಗೋಗಿಯಲ್ಲಿ ಪತ್ತೆಯಾಗಿರುವಂಥ ನಿಕ್ಷೇಪವನ್ನು ನೆಲದಡಿಗೆ ಇಳಿದು ತೆಗೆಯುವ ಎಲ್ಲೇ ಆದರೂ, ಗಾಳಿಯಾಡಿಸುವ ಫ್ಯಾನು ಜೀವ ಕಾಯುವ ಯಂತ್ರವಾಗುವುದು ಇದಕ್ಕೇ.

ಹೊಗೆಯ ವಿಷಯದಲ್ಲಿ ಪ್ರಾಣಿಗಳು ಒಂದೇ ಉತ್ತರ ಕೊಡಲಿಲ್ಲ. ಲವ್‌ಲೇಸಿನಲ್ಲಿ ಪ್ಲುಟೋನಿಯಂ ಆಕ್ಸೈಡಿನ ಜೊತೆ ಸಿಗರೇಟಿನ ಹೊಗೆಯನ್ನೂ ಉಸಿರಾಡಿದ ಇಲಿಗಳಲ್ಲಿ ಕಣಗಳ ತೆರವು ನಿಧಾನವಾಯಿತು. ಗಡ್ಡೆಗಳು ಎರಡನ್ನೂ ಕೂಡಿಸಿದ ಲೆಕ್ಕಕ್ಕಿಂತ ಹೆಚ್ಚಾದವು. ಹ್ಯಾನ್‌ಫರ್ಡಿನಲ್ಲಿ ರೇಡಾನ್ ಮತ್ತು ಹೊಗೆ ಎರಡನ್ನೂ ಪಡೆದ ನಾಯಿಗಳಲ್ಲಿ ಗಡ್ಡೆಗಳು ಬರೀ ರೇಡಾನ್ ಪಡೆದವಕ್ಕಿಂತ ಕಡಿಮೆ ಇದ್ದವು. ಹೊಗೆಗೆ ದಪ್ಪವಾದ ಲೋಳೆ ಆಲ್ಫಾ ಕಣಗಳನ್ನು ತಡೆದಿರಬೇಕು ಎಂಬುದು ಕೊಟ್ಟ ವಿವರಣೆ. ಇದನ್ನು ಹಿಡಿದು ಯಾರಾದರೂ ಬೀಡಿ ಹಚ್ಚಿದರೆ ದೊಡ್ಡ ತಪ್ಪು. ಗಣಿ ಕಾರ್ಮಿಕರಲ್ಲಿ ಹೊಗೆ ಮತ್ತು ರೇಡಾನ್ ಜೊತೆಯಾದಾಗ ಅಪಾಯ ಏರಿದ್ದೇ ಕಂಡಿದೆ.

ಬಯಲಿನಲ್ಲಿ ಮೇಯುವ ಪ್ರಾಣಿಗಳ ವಿಷಯಕ್ಕೆ ಬಂದರೆ, ಅವಕ್ಕೆ ವಿಕಿರಣಶೀಲ ವಸ್ತು ಹೆಚ್ಚಾಗಿ ಸೇರುವುದು ಮೂಗಿಗಿಂತ ಬಾಯಿಯಿಂದ. 1953ರಲ್ಲಿ ನೆವಾಡಾದ ಬಾಂಬ್ ಪರೀಕ್ಷೆಗಳ ಬೂದಿ ಬಿದ್ದ ಮೇಲೆ ಯೂಟಾದ ಸೀಡರ್ ಸಿಟಿಯ ಕುರಿಗಾಹಿಗಳ ಸಾವಿರಾರು ಕುರಿಗಳು ಸತ್ತವು. ಮೂತಿಯ ಮೇಲೆ ಸುಟ್ಟಂಥ ಹುಣ್ಣುಗಳಿದ್ದವು. ಆ ಕುರಿಗಳು ಬೂದಿ ಬಿದ್ದ ಹುಲ್ಲನ್ನು ದಿನವಿಡೀ ಮೇದಿದ್ದವು. ಪರಿಹಾರ ಕೇಳಿ ನ್ಯಾಯಾಲಯಕ್ಕೆ ಹೋದವರು 1956ರಲ್ಲಿ ಸೋತರು. ಉಸಿರಿನ ದಾರಿಯನ್ನೇ ಬಯಲಿನಲ್ಲಿ ಅಳೆಯಲು 1963ರಲ್ಲಿ ನೆವಾಡಾದಲ್ಲಿ ಪ್ಲುಟೋನಿಯಂ ಇದ್ದ ಸಾಧನವನ್ನು ಸಾಧಾರಣ ಸ್ಫೋಟಕದಿಂದ ಸಿಡಿಸಿ, ಗಾಳಿ ಬೀಸುವ ಕಡೆ ನಾಯಿ, ಕುರಿ, ಕತ್ತೆಗಳನ್ನು ಕಟ್ಟಿ ನಿಲ್ಲಿಸಿದ್ದರು.

ಒಳಗೆ ಹೋದದ್ದನ್ನು ತೆಗೆಯಬಹುದೇ? ಅದನ್ನೂ ಕಲಿತದ್ದು ಇದೇ ನಾಯಿಗಳಿಂದ. ಡಿಟಿಪಿಎ ಎಂಬ ಔಷಧ ರಕ್ತದಲ್ಲಿರುವ ಪ್ಲುಟೋನಿಯಮ್ಮನ್ನು ಹಿಡಿದು ಮೂತ್ರಕ್ಕೆ ದಾಟಿಸುತ್ತದೆ. ಬೇಗ ಕೊಟ್ಟರೆ, ಕರಗುವ ರೂಪವಾಗಿದ್ದರೆ ಚೆನ್ನಾಗಿ ಕೆಲಸ ಮಾಡುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2004ರಲ್ಲಿ ಅದಕ್ಕೆ ಮಂಜೂರಾತಿ ಕೊಟ್ಟಿದೆ. ಗಾಳಿಗೂಡಿನಲ್ಲಿ ಕೂತ ಕರಗದ ಆಕ್ಸೈಡಿಗೆ ಅದರಿಂದ ಪ್ರಯೋಜನವಿಲ್ಲ. ಅದಕ್ಕೆ ಉಳಿದ ದಾರಿ ಒಂದೇ: ಅರಿವಳಿಕೆ ಕೊಟ್ಟು, ಒಂದು ಬದಿಯ ಶ್ವಾಸಕೋಶಕ್ಕೆ ಉಪ್ಪುನೀರು ತುಂಬಿ ಹೊರತೆಗೆಯುವುದು, ಇನ್ನೊಂದು ದಿನ ಇನ್ನೊಂದು ಬದಿ. ಹಲವು ಬಾರಿ ಹೀಗೆ ತೊಳೆದಾಗ, ಕಣ ನುಂಗಿದ ಮ್ಯಾಕ್ರೋಫೇಜುಗಳು ನೀರಿನೊಂದಿಗೆ ಬಂದು, ಸುಮಾರು ಅರ್ಧದಷ್ಟು ಹೊರೆ ಇಳಿಯಿತು.

ಮನುಷ್ಯರ ಲೆಕ್ಕ ಬಹಳ ತಡವಾಗಿ ಸಿಕ್ಕಿತು. ರಷ್ಯಾದ ಮಯಾಕ್ ಕಾರ್ಖಾನೆಯಲ್ಲಿ 1948ರಿಂದ ಪ್ಲುಟೋನಿಯಂ ತಯಾರಿಸಿದ ಕಾರ್ಮಿಕರ ದಾಖಲೆಗಳು ಸೋವಿಯತ್ ಒಕ್ಕೂಟ ಕುಸಿದ ಮೇಲೆ ಹೊರಜಗತ್ತಿಗೆ ತೆರೆದುಕೊಂಡವು. ಶ್ವಾಸಕೋಶ, ಯಕೃತ್ತು, ಮೂಳೆ, ಈ ಮೂರರ ಕ್ಯಾನ್ಸರೂ ಅವರಲ್ಲಿ ಪ್ಲುಟೋನಿಯಂ ಪ್ರಮಾಣದ ಜೊತೆ ಏರಿತ್ತು. ನಾಯಿಗಳು ತೋರಿಸಿಕೊಟ್ಟಿದ್ದ ಅಂಗಗಳೇ ಅವು.

ಬೀಗಲ್‌ಗಳ ಪ್ರಯೋಗಗಳು ಮುಗಿದು ದಶಕಗಳೇ ಆದವು. ಷಿಕಾಗೋದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ಗೇಲ್ ವೊಲೊಶ್ಚಾಕ್ ಅವರ ತಂಡ ಈ ನಾಯಿಗಳ ಅಂಗಾಂಶಗಳನ್ನು ಮೇಣದ ಅಚ್ಚುಗಳಲ್ಲಿ, ಗಾಜಿನ ಪಟ್ಟಿಗಳಲ್ಲಿ ಜೋಪಾನ ಮಾಡಿದೆ. ಆ ಕಾಲದಲ್ಲಿ ಇಲ್ಲದ ವಿಧಾನಗಳಿಂದ ಅವುಗಳ ಡಿಎನ್ಎ ಓದಲು ಈಗ ಸಾಧ್ಯ. ಇಂಥ ಪ್ರಯೋಗವನ್ನು ಮತ್ತೆ ನಡೆಸಬಾರದು ಎಂದು ನಾನು ದೃಢವಾಗಿ ನಂಬುತ್ತೇನೆ. ಹಾಗೆ ನಂಬುವವರಿಗೆ ಆ ಅಚ್ಚುಗಳು ಇನ್ನೂ ಮುಖ್ಯ, ಹೊಸ ಪ್ರಶ್ನೆ ಬಂದಾಗ ಹೊಸ ನಾಯಿಯ ಮೂತಿಗೆ ಮುಖವಾಡ ಕಟ್ಟುವ ಬದಲು ಹಳೆಯದನ್ನು ತೆಗೆದು ನೋಡಬಹುದು. ಪ್ಲುಟೋನಿಯಂ-239 ಇದ್ದ ಅಚ್ಚುಗಳಲ್ಲಿ ಕಣಗಳು ಈಗಲೂ ಹಾಗೆಯೇ ಇವೆ, ನಾಯಿ ಬದುಕಿದ್ದಾಗ ಹೊರಡಿಸುತ್ತಿದ್ದ ವೇಗದಲ್ಲೇ ಆಲ್ಫಾ ಹೊರಡಿಸುತ್ತಾ.